ಮೂರು ತಿಂಗಳಾದರೂ ತೂಕ ಏರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 23 ವರ್ಷ, ತೂಕ 58 ಕೆಜಿ. ಜಿಮ್ ಸೇರಿ ಮೂರು ತಿಂಗಳಾಯಿತು. ವಾರಕ್ಕೆ ಆರು ದಿನ ಹೋಗುತ್ತೇನೆ, ವಿಡಿಯೊ ನೋಡಿಕೊಂಡು ಹೊಸ ಹೊಸ ವ್ಯಾಯಾಮ ಮಾಡುತ್ತೇನೆ. ಚೆನ್ನಾಗೇ ತಿನ್ನುತ್ತೇನೆ. ಆದರೂ ತೂಕ ಅರ್ಧ ಕೆಜಿ ಕೂಡ ಏರಿಲ್ಲ. ಒಬ್ಬರು ತೂಕ ಏರಿಸುವ ಪುಡಿ, ಮಾಸ್ ಗೇನರ್ ತಗೋ ಅಂತಾರೆ, ಇನ್ನೊಬ್ಬರು ಸ್ಟೆರಾಯ್ಡ್ ಇಂಜೆಕ್ಷನ್ ಅಂತಾರೆ. ಅದೆಲ್ಲ ಬೇಡ ಅಂತಿದ್ದೇನೆ. ಬರೀ ಊಟ, ವ್ಯಾಯಾಮದಲ್ಲಿ ಮೈ ಕಟ್ಟೋಕೆ ಆಗುತ್ತಾ?

ಉತ್ತರ (ಫಿಟ್‌ನೆಸ್ ತರಬೇತುದಾರರು): ಖಂಡಿತ ಆಗುತ್ತದೆ. ಹೊಸಬರಿಗೆ ಮೈ ಬೇಗ ಸ್ಪಂದಿಸುತ್ತದೆ, ಮೊದಲ ವರ್ಷದಲ್ಲಿ ಸಿಗುವಷ್ಟು ಬೆಳವಣಿಗೆ ಆಮೇಲೆ ಸಿಗುವುದಿಲ್ಲ. ಅದಕ್ಕೇ ಈ ಸಮಯ ಹಾಳಾಗಬಾರದು ಅನ್ನುವುದು ನನ್ನ ಕಾಳಜಿ. ನಿಮಗೆ ಬೇಕಾಗಿರುವುದು ಒಂದು ನೋಟ್‌ಬುಕ್.

ಮೊದಲು ವ್ಯಾಯಾಮ. ವಾರವಾರ ಬದಲಾಯಿಸಿದರೆ ಹಿಂದಿನ ವಾರಕ್ಕಿಂತ ಜಾಸ್ತಿ ಎತ್ತಿದಿರೋ ಇಲ್ಲವೋ ಗೊತ್ತಾಗುವುದು ಹೇಗೆ? ಸ್ನಾಯು ಬೆಳೆಯುವುದೇ ಭಾರ ನಿಧಾನವಾಗಿ ಏರಿದಾಗ. ಸ್ಕ್ವಾಟ್, ಬೆಂಚ್ ಪ್ರೆಸ್, ರೋ, ಶೋಲ್ಡರ್ ಪ್ರೆಸ್, ಲ್ಯಾಟ್ ಪುಲ್‌ಡೌನ್, ಡೆಡ್‌ಲಿಫ್ಟ್. ಈ ಆರು ಸಾಕು. ಒಂದು ದಿನ ನಾಲ್ಕು, ಮುಂದಿನ ಸಲ ಉಳಿದವು ಬರುವ ಹಾಗೆ ಹಂಚಿಕೊಳ್ಳಿ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು.

ಉದಾಹರಣೆಗೆ 10 ಕೆಜಿ ಡಂಬೆಲ್‌ನಲ್ಲಿ ರೋ ಮಾಡುತ್ತೀರಿ ಅಂದುಕೊಳ್ಳಿ. ನಿಲ್ಲಿಸದೆ ಒಂದೇ ಸಮನೆ ಎತ್ತಿದ ಸುತ್ತಿಗೆ ಒಂದು ಸೆಟ್ ಅನ್ನುತ್ತಾರೆ. ಇವತ್ತು ಮೂರು ಸೆಟ್‌ಗೆ 8, 8, 7 ಸಲ ಎತ್ತಲು ಬಂತು. ಬರೆದಿಡಿ. ಮುಂದಿನ ಸಲ 9, 8, 8 ಬಂದರೂ ಅದು ಮುಂದಕ್ಕೆ ಹೋದಂತೆಯೇ. ಮೂರೂ ಸೆಟ್ 12 ಮುಟ್ಟಿದ ದಿನ 12.5 ಕೆಜಿ ಹಿಡಿಯಿರಿ. ಆಗ ಮತ್ತೆ 8ಕ್ಕೆ ಇಳಿಯುತ್ತದೆ, ಬೇಜಾರಾಗಬೇಡಿ, ಅದು ಹಾಗೇ ಇರಬೇಕು. ‘ಇನ್ನು ಎರಡು ಸಲ ಎತ್ತಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ’ ಅನ್ನಿಸಿದಾಗ ಸೆಟ್ ನಿಲ್ಲಿಸಿ. ಬೆನ್ನು ಬಾಗಿಸಿ, ಮೈ ಜೋಲಿ ಹೊಡೆಸಿ ಎತ್ತಿದ್ದನ್ನು ಮಾತ್ರ ಲೆಕ್ಕಕ್ಕೆ ತಗೋಬೇಡಿ.

ಇನ್ನು ಊಟ. ‘ಚೆನ್ನಾಗೇ ತಿನ್ನುತ್ತೇನೆ’ ಅಂತ ತೆಳ್ಳಗಿರುವವರೆಲ್ಲ ಹೇಳುತ್ತಾರೆ, ಸುಳ್ಳೇನೂ ಹೇಳುವುದಿಲ್ಲ. ಆದರೆ ಒಂದು ದಿನ ಜಾಸ್ತಿ ತಿಂದರೆ ಮರುದಿನ ಹಸಿವೇ ಕಡಿಮೆಯಾಗಿ ಲೆಕ್ಕ ಸರಿಹೋಗಿರುತ್ತದೆ. ತೂಕ ಏರಿಲ್ಲ ಅಂದರೆ ಖರ್ಚಾಗುವಷ್ಟೇ ತಿನ್ನುತ್ತಿದ್ದೀರಿ ಅಂತಲೇ ಅರ್ಥ. ಈಗಿನ ಊಟದ ಮೇಲೆ ದಿನಕ್ಕೆ ಸುಮಾರು 300 ಕ್ಯಾಲೊರಿ ಸೇರಿಸಿ. ಒಂದು ಲೋಟ ಕೆನೆಹಾಲು, ಒಂದು ಹಿಡಿ ಕಡಲೆಬೀಜ, ಅಷ್ಟರಲ್ಲಿ ಮುಗಿಯಿತು.

ಪ್ರೋಟೀನ್ ಒಂದು ಕೆಜಿ ತೂಕಕ್ಕೆ 1.6 ಗ್ರಾಂ ಸಾಕು. ನಿಮಗೆ ದಿನಕ್ಕೆ 93 ಗ್ರಾಂ ಆಸುಪಾಸು. ಮೂರು ಮೊಟ್ಟೆಯಲ್ಲಿ 18, ಅರ್ಧ ಲೀಟರ್ ಹಾಲಿನಲ್ಲಿ 16, ಒಂದು ದೊಡ್ಡ ಬಟ್ಟಲು ಬೆಂದ ಬೇಳೆ ಅಥವಾ ಕಾಳಿನಲ್ಲಿ 15ರ ಮೇಲೆ. ಉಳಿದದ್ದನ್ನು ಮೊಸರು, ಮೀನು, ಕೋಳಿ, ಸೋಯಾದಿಂದ ತುಂಬಿಸಬಹುದು, ಧಾನ್ಯಗಳಿಂದಲೂ ಸ್ವಲ್ಪ ಬರುತ್ತದೆ. ಒಂದೇ ಹೊತ್ತಿಗೆ ಎಲ್ಲ ತಿನ್ನುವ ಬದಲು ಮೂರು ನಾಲ್ಕು ಹೊತ್ತಿಗೆ ಹಂಚಿಕೊಳ್ಳಿ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನದೆ ತೂಕ ನೋಡಿ. ಒಂದು ದಿನದ ಅಂಕಿಗೆ ತಲೆಕೆಡಿಸಿಕೊಳ್ಳಬೇಡಿ, ವಾರದ ಸರಾಸರಿ ಬರೆಯಿರಿ. ವಾರಕ್ಕೆ 150ರಿಂದ 300 ಗ್ರಾಂ ಏರಿದರೆ ಸರಿ. ಎರಡು ವಾರ ಏರದಿದ್ದರೆ ಊಟ ಇನ್ನೊಂದಿಷ್ಟು ಜಾಸ್ತಿ ಮಾಡಿ.

ಪ್ರಶ್ನೆ: ಮೂರೇ ದಿನ ಹೋದರೆ ಸಾಕಾ ಮೇಡಂ? ಮರುದಿನ ಮೈ ನೋಯದಿದ್ದರೆ ಏನೂ ಮಾಡಿಲ್ಲ ಅನ್ನಿಸುತ್ತೆ.

ಉತ್ತರ: ಸಾಕು. ವ್ಯಾಯಾಮದ ನಂತರ ಒಂದೆರಡು ದಿನ ಸ್ನಾಯು ಕಟ್ಟಿಕೊಳ್ಳುವ ಕೆಲಸ ಜೋರಾಗಿ ನಡೆಯುತ್ತಿರುತ್ತದೆ. ಅದಕ್ಕೆ ಬಿಡುವು ಬೇಕು, ರಾತ್ರಿ 7ರಿಂದ 9 ಗಂಟೆ ನಿದ್ದೆ ಬೇಕು. ನೋವು ಬರುವುದು ಹೆಚ್ಚಾಗಿ ಅಭ್ಯಾಸವಿಲ್ಲದ ಕೆಲಸ ಮಾಡಿದಾಗ. ನೀವು ವ್ಯಾಯಾಮ ಬದಲಾಯಿಸುತ್ತಲೇ ಇದ್ದಿರಿ, ಅದಕ್ಕೇ ನೋಯುತ್ತಿತ್ತು ಅಷ್ಟೇ. ಇನ್ನೊಂದು ವಿಷಯ. ಮೊದಲ ಕೆಲವು ವಾರ ಶಕ್ತಿ ಬೇಗ ಏರುತ್ತದೆ, ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ನರಗಳು ಸ್ನಾಯುವನ್ನು ಚೆನ್ನಾಗಿ ಬಳಸಲು ಕಲಿಯುವ ಸಮಯ ಅದು. ಅಲ್ಲಿಗೇ ಬಿಟ್ಟುಬಿಡಬೇಡಿ.

ಇನ್ನೊಬ್ಬರ ಪ್ರಶ್ನೆ: ಪುಡಿ, ಕ್ರಿಯಾಟಿನ್, ಇಂಜೆಕ್ಷನ್ ಬಗ್ಗೆಯೂ ಹೇಳಿ ಮೇಡಂ.

ಉತ್ತರ: ಮಾಸ್ ಗೇನರ್‌ನಲ್ಲಿ ಬಹುಪಾಲು ಸಕ್ಕರೆ, ಪಿಷ್ಟವೇ ಇರುತ್ತದೆ, ಅದಕ್ಕೆ ದುಡ್ಡು ಹಾಕಬೇಡಿ. ಪ್ರೋಟೀನ್ ಪುಡಿ ಅಂದರೆ ಊಟದಲ್ಲಿ ಕಡಿಮೆ ಬಿದ್ದದ್ದನ್ನು ತುಂಬುವ ಆಹಾರ, ಊಟದಲ್ಲೇ ಸಿಕ್ಕರೆ ಬೇಡ. ಕ್ರಿಯಾಟಿನ್ ಅಂದರೆ ಸ್ನಾಯುವಿಗೆ ಶಕ್ತಿ ಒದಗಿಸಲು ನೆರವಾಗುವ ಒಂದು ಪೂರಕ. ಅದು ಕೆಲಸ ಮಾಡುತ್ತದೆ, ಆರೋಗ್ಯವಂತರು ದಿನಕ್ಕೆ 3ರಿಂದ 5 ಗ್ರಾಂ ತಗೋಬಹುದು. ಆದರೆ ಶುರುವಿನಲ್ಲೇ ಬೇಕು ಅಂತೇನಿಲ್ಲ.

ಇಂಜೆಕ್ಷನ್ ಬೇಡವೇ ಬೇಡ. ಹೊರಗಿನಿಂದ ಸ್ಟೆರಾಯ್ಡ್ ಹೋದರೆ ಗಂಡಸರಲ್ಲಿ ದೇಹ ತನ್ನದೇ ಟೆಸ್ಟೋಸ್ಟೆರಾನ್ (ಪುರುಷ ಹಾರ್ಮೋನ್) ಮಾಡುವುದನ್ನು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ಮಕ್ಕಳಾಗುವುದಕ್ಕೂ ತೊಂದರೆಯಾಗಬಹುದು. ಹೃದಯಕ್ಕೂ ಪೆಟ್ಟು. ಈಗಾಗಲೇ ತಗೊಳ್ಳುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಚ್ಚಿಡದೆ ವೈದ್ಯರ ಹತ್ತಿರ ಹೋಗಿ ಹೇಳಿ. ನಿಲ್ಲಿಸುವುದು ಹೇಗೆ ಅಂತ ಅವರನ್ನೇ ಕೇಳಿ.