ಆ್ಯಪ್ 1200 ಕ್ಯಾಲೊರಿ ಅಂತಿದೆ, ಐದನೇ ದಿನಕ್ಕೇ ತಲೆ ಸುತ್ತು. ಎಷ್ಟು ಇಟ್ಟುಕೊಳ್ಳಲಿ?

ಕಾಫಿಪುಡಿ, ಚಿಕ್ಕಮಗಳೂರು

ನನಗೆ 38 ವರ್ಷ. ಎತ್ತರ 156 ಸೆಂ.ಮೀ., ತೂಕ 68 ಕೆಜಿ. ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುವ ಕೆಲಸ, ದಿನವಿಡೀ ಕುರ್ಚಿ. ಸಂಜೆ ಮಳೆ ಬಿಟ್ಟರೆ ರತ್ನಗಿರಿ ಬೋರೆ ಹತ್ತಿ ಇಳಿಯುತ್ತೇನೆ. ಈ ತಿಂಗಳು ಮಳೆ ಬಿಟ್ಟಿದ್ದೇ ಮೂರು ಸಂಜೆ.

ದೀಪಾವಳಿಗೆ ಇನ್ನು ನಾಲ್ಕು ತಿಂಗಳು. ಅಷ್ಟರಲ್ಲಿ ಐದು ಕೆಜಿ ಇಳಿದರೆ ಸಾಕು, ಸಿನಿಮಾ ನಟಿ ಆಗಬೇಕಿಲ್ಲ. ಆ್ಯಪ್‌ನಲ್ಲಿ ಎಲ್ಲ ತುಂಬಿಸಿದೆ, ದಿನಕ್ಕೆ 1200 ಅಂದಿತು. ನಾಲ್ಕು ದಿನ ಹಲ್ಲು ಕಚ್ಚಿ ನಡೆಸಿದೆ. ಐದನೇ ದಿನ ಮಧ್ಯಾಹ್ನ ಮೂರಕ್ಕೆ ಲೆಡ್ಜರಿನ ಸಾಲುಗಳು ಒಂದರ ಮೇಲೊಂದು ಹತ್ತಿದವು. ಮನೆಗೆ ಬಂದರೆ ಅತ್ತೆ ಈರುಳ್ಳಿ ಬೋಂಡ ಕರೀತಿದ್ರು. ಒಲೆ ಪಕ್ಕ ನಿಂತೇ ಆರು ತಿಂದೆ.

ಬೆಳಗ್ಗೆ ಎರಡು ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ ಸಾರು ಪಲ್ಯ, ರಾತ್ರಿ ಕಡುಬು ಇಲ್ಲ ಮುದ್ದೆ. ಕಾಫಿ ಐದು. ಶುಗರ್, ಥೈರಾಯ್ಡ್ ಎರಡೂ ನಾರ್ಮಲ್, ಮೊನ್ನೆ ತೋರಿಸಿದ್ದೇನೆ. ಸರಿಯಾದ ಲೆಕ್ಕ ಹೇಗೆ ಹಾಕೋದು?

ಹೇಮಾವತಿ ದಂಡೆ, ಹಾಸನ

ಅಕ್ಕಾ, ಮೊದಲು ಒಂದು ಹೇಳಿ. ಆ್ಯಪ್ "ವಾರಕ್ಕೆ ಎಷ್ಟು ಇಳಿಸಬೇಕು" ಅಂದಾಗ ಏನು ಒತ್ತಿದಿರಿ? ಒಂದು ಕೆಜಿ ಅಂತ ತಾನೇ?

ನಾನೂ ಹಾಗೇ ಮಾಡಿದ್ದೆ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ವಾರಕ್ಕೆ ಒಂದು ಕೆಜಿ ಅಂದರೆ ದಿನಕ್ಕೆ 1100 ಕಡಿಮೆ ತಿನ್ನಬೇಕು. ನಿಮ್ಮ ಮೈಕಟ್ಟಿಗೆ ಅಷ್ಟು ಕಳೆದರೆ ಉಳಿಯೋದು ಐನೂರು ಆರುನೂರು. ಅದು ಊಟ ಅಲ್ಲ, ಉಪವಾಸ. ಅದಕ್ಕೇ ಆ್ಯಪ್ 1200ಕ್ಕೆ ಬಂದು ನಿಂತುಬಿಟ್ಟಿದೆ. ಹೆಂಗಸರಿಗೆ ಅದಕ್ಕಿಂತ ಕೆಳಗೆ ಹೇಳಬಾರದು ಅಂತ ಹಾಕಿರೋ ಬೇಲಿ ಅದು. ನಿಮಗೆ ಅಂತ ಲೆಕ್ಕ ಹಾಕಿದ್ದಲ್ಲ.

ಕೈಯಲ್ಲೇ ಹಾಕೋಣ. 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ: ತೂಕ ಇಂಟು 10, ಎತ್ತರ ಇಂಟು 6.25, ಎರಡನ್ನೂ ಕೂಡಿ. ವಯಸ್ಸು ಇಂಟು 5 ಕಳೆಯಿರಿ, ಹೆಂಗಸರಾದರೆ ಇನ್ನೂ 161 ಕಳೆಯಿರಿ. ನಿಮಗೆ 680 + 975 − 190 − 161, ಅಂದರೆ 1304. ಸುಮ್ನೆ ಮಲಗಿದ್ದರೂ ಮೈಗೆ ಬೇಕಾದದ್ದು ಇದು. ಕುರ್ಚಿ ಕೆಲಸಕ್ಕೆ 1.2ರಿಂದ, ಸ್ವಲ್ಪ ನಡೆಯುವವರಿಗೆ 1.375ರಿಂದ ಗುಣಿಸುತ್ತಾರೆ. ನಿಮ್ಮ ಬೋರೆ ಮಳೆಯನ್ನು ನಂಬಿದೆ, 1.3 ಇಟ್ಟುಕೊಳ್ಳಿ. ಸುಮಾರು 1700 ಬರುತ್ತೆ, ಅದು ನಿಮ್ಮ ಮೈಯ ದಿನದ ಒಟ್ಟು ಖರ್ಚು. ಅದರಲ್ಲಿ 300 ಕಳೆದು 1400. ನಾಲ್ಕು ತಿಂಗಳಿಗೆ ಕಾಗದದ ಮೇಲೆ ನಾಲ್ಕೂವರೆ ಕೆಜಿ. ತೂಕ ಇಳಿದ ಹಾಗೆ ಮೈಯ ಖರ್ಚೂ ಇಳಿಯುತ್ತೆ, ಅದಕ್ಕೆ ಕೈಗೆ ನಾಲ್ಕು ಸಿಕ್ಕರೆ ಖುಷಿಪಡಿ.

ಇನ್ನು ಎಣ್ಣೆ. ಒಗ್ಗರಣೆಗೆ ಎಷ್ಟು ಹಾಕಿದೆ ಅಂತ ಯಾವ ಆ್ಯಪ್‌ಗೂ ಗೊತ್ತಾಗಲ್ಲ. ತಿಂಗಳಿಗೆ ಎಷ್ಟು ಲೀಟರ್ ತರ್ತೀರಿ, ಎಷ್ಟು ಜನ?

ಗುಂಡಪ್ಪ_ಅಲ್ಲ

ಅನ್ನ ಬಿಡಿ. ಅಷ್ಟೇ.

ಕಾಫಿಪುಡಿ

@ಗುಂಡಪ್ಪ_ಅಲ್ಲ, ನಾನು ಅನ್ನ ಬಿಟ್ಟರೆ ನಮ್ಮತ್ತೆ ನನ್ನ ಜೊತೆ ಮಾತು ಬಿಡ್ತಾರೆ.

@ಹೇಮಾವತಿ ದಂಡೆ, ಹೌದು, ಒಂದು ಕೆಜಿ ಅಂತಲೇ ಒತ್ತಿದ್ದೆ! ಎಣ್ಣೆ ನಾಲ್ಕು ಲೀಟರ್, ಮೂರು ಜನ. ಕಾಫಿಗೆ ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆ.

ಹೇಮಾವತಿ ದಂಡೆ, ಹಾಸನ

ನಾಲ್ಕು ಲೀಟರ್ ಅಂದರೆ ಸುಮಾರು 3600 ಗ್ರಾಂ. ಮೂರು ಜನ, 30 ದಿನ: ತಲೆಗೆ ದಿನಕ್ಕೆ 40 ಗ್ರಾಂ. ಗ್ರಾಂಗೆ 9 ಕ್ಯಾಲೊರಿ, ಒಟ್ಟು 360! ಎರಡೂವರೆ ಲೀಟರಿಗೆ ಇಳಿಸಿದರೆ ಇಲ್ಲೇ ಹತ್ತಿರ ಹತ್ತಿರ 135 ಉಳಿಯಿತು. ಕಾಫಿ ಸಕ್ಕರೆ ದಿನಕ್ಕೆ ಹತ್ತು ಚಮಚ, 200 ಕ್ಯಾಲೊರಿ. ಲೋಟಕ್ಕೆ ಒಂದೇ ಚಮಚ ಹಾಕಿ, ಇನ್ನೂ ನೂರು ಉಳಿಯುತ್ತೆ. ಕಾಫಿ ಬಿಡಿ ಅಂತ ಚಿಕ್ಕಮಗಳೂರಿನವರಿಗೆ ಹೇಳೋ ಧೈರ್ಯ ನನಗಿಲ್ಲ. ರೊಟ್ಟಿಗಿಂತ ಕಡುಬೇ ವಾಸಿ, ಹಬೆಯಲ್ಲಿ ಬೇಯುತ್ತೆ, ಎಣ್ಣೆ ಇಲ್ಲ. ಆದರೆ ಮೇಲೆ ಹಾಕೋ ತುಪ್ಪವನ್ನೂ ಬರೆಯಿರಿ.

ಮಲ್ಲಿಗೆ_ಮೊಗ್ಗು

ಒಂದು ಮಾತು ಅಕ್ಕ. ದಿನಾ ತೂಕ ನೋಡಿ ಬೇಜಾರಾಗಬೇಡಿ. ಮುಟ್ಟಿನ ದಿನಗಳಲ್ಲಿ ನನಗೆ ಒಂದೂವರೆ ಕೆಜಿ ಏರುತ್ತೆ, ಎಲ್ಲ ನೀರು. ವಾರದ ಸರಾಸರಿ ಬರೆದಿಡಿ. ಒಂದು ತಿಂಗಳು ನೋಡಿ, ಏನೂ ಇಳಿಯದಿದ್ದರೆ 1400ರಲ್ಲಿ ನೂರು ಕಳೆಯಿರಿ. ತಲೆ ಸುತ್ತು ಮತ್ತೆ ಬಂದರೆ ಡಾಕ್ಟರ್ ಹತ್ತಿರ ಹೋಗಿ, ಇಲ್ಲಿ ಕೇಳಬೇಡಿ.

ಕಾಫಿಪುಡಿ, ಐದು ವಾರದ ಮೇಲೆ

ಸರಾಸರಿ 66.7. ಎಣ್ಣೆ ಬಾಟಲಿಗೆ ಸ್ಕೆಚ್ ಪೆನ್ನಿನಲ್ಲಿ ವಾರಕ್ಕೊಂದು ಗೆರೆ ಎಳೆದಿದ್ದೆ. ಮೂರನೇ ವಾರ ಎಣ್ಣೆ ಗೆರೆ ಮೇಲೇ ನಿಂತಿತ್ತು. ನನಗೋ ಭಾರೀ ಹೆಮ್ಮೆ. ಆಮೇಲೆ ಗೊತ್ತಾಯ್ತು, ಅತ್ತೆ ಬೋಂಡಕ್ಕೆ ಅಂತ ಬೇರೆ ಅರ್ಧ ಲೀಟರ್ ತರಿಸಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾರೆ. ಅದಕ್ಕೂ ಗೆರೆ ಎಳೆದಿದ್ದೇನೆ.