ಕಡಿಮೆ ಬೆಲೆಯ ಪುಟ್ಟ ಪಿಸ್ತೂಲು ಕೊಳ್ಳಲೋ ಬೇಡವೋ? ಬಳಸಿದವರು ಹೇಳಿ

ಪ್ರಶ್ನೆ

ಗುರಿ ಹೊಡೆಯುವುದನ್ನು ಕಲಿಯಬೇಕು ಅನ್ನುವ ಆಸೆ ಬಹಳ ಕಾಲದ್ದು. ನಿವೃತ್ತಿಯಾದ ಮೇಲೆ ಈಗ ಬಿಡುವು ಸಿಕ್ಕಿದೆ, ಪರವಾನಗಿಯ ಕೆಲಸವೂ ಮುಗಿದಿದೆ. ಪರಿಚಯದವರೊಬ್ಬರು ತಮ್ಮ ಹತ್ತಿರ ಇರುವ .25 (ಗುಂಡಿನ ಅಳತೆ) ಪಿಸ್ತೂಲನ್ನು ತುಂಬಾ ಕಡಿಮೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಸ್ವಲ್ಪ ಹೆಚ್ಚಾದರೂ .22 ತಗೊಳ್ಳಿ ಅಂತ ಇನ್ನೊಬ್ಬರ ಸಲಹೆ. ನನಗೆ ಹೆಬ್ಬೆರಳ ಬುಡದಲ್ಲಿ ಸಂಧಿವಾತ, ಹಿಡಿತ ಬಿಗಿಯಿಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಮೊಮ್ಮಗ ಇದ್ದಾನೆ. ಜಾಸ್ತಿ ಖರ್ಚು ಮಾಡುವ ಸ್ಥಿತಿಯಲ್ಲಿ ಇಲ್ಲ. ಅನುಭವ ಇದ್ದವರು ಮುಲಾಜಿಲ್ಲದೆ ಹೇಳಿ.

ರೇಂಜ್‌ನಲ್ಲಿ ಹೊಸಬರಿಗೆ ಕಲಿಸುವವರು

ಸರ್, ಕಲಿಯೋದಕ್ಕೆ ಅಂದ ಮೇಲೆ .25 ಬೇಡವೇ ಬೇಡ. ಅದು 1905ರ ಹೊತ್ತಿಗೆ ಜಾನ್ ಬ್ರೌನಿಂಗ್ ಜೇಬಿನಲ್ಲಿ ಇಟ್ಟುಕೊಳ್ಳುವ ಪಿಸ್ತೂಲಿಗೆಂದೇ ರೂಪಿಸಿದ ಗುಂಡು. ಆ ಜಾತಿಯ ಪಿಸ್ತೂಲುಗಳ ನಳಿಕೆ ಹೆಚ್ಚೆಂದರೆ ಎರಡು ಮೂರು ಬೆರಳಿನಷ್ಟು. ಗುರಿ ನೋಡುವ ಹಿಂದಿನ ಗುರುತಿಗೂ ಮುಂದಿನದಕ್ಕೂ ಅಂತರವೇ ಇರುವುದಿಲ್ಲ. ಕೆಲವದರಲ್ಲಿ ಸ್ಲೈಡ್ (ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಮೇಲೆ ಒಂದು ಗೀರು ಬಿಟ್ಟರೆ ಬೇರೆ ಗುರುತೇ ಇಲ್ಲ. ಅಂತರ ಕಡಿಮೆಯಾದಷ್ಟೂ ಕೈಯ ಸಣ್ಣ ಅಲುಗಾಟ ಕಾಗದದ ಮೇಲೆ ದೊಡ್ಡ ತಪ್ಪಾಗಿ ಬೀಳುತ್ತದೆ. ತಪ್ಪು ನಿಮ್ಮದೋ ಪಿಸ್ತೂಲಿನದೋ ತಿಳಿಯದೆ ಒದ್ದಾಡುತ್ತೀರಿ. ಕೈ ಸರಿಯಿದ್ದವರೂ ಇದರಿಂದಲೇ ಬೇಸತ್ತು ಕಲಿಯುವುದನ್ನು ಬಿಟ್ಟಿರುವುದನ್ನು ನೋಡಿದ್ದೇನೆ.

ಇನ್ನು ಗುಂಡಿನ ವಿಚಾರ. ಪಿಸ್ತೂಲಿಗೆ ದುಡ್ಡು ಕೊಡುವುದು ಒಂದೇ ಸಲ, ಗುಂಡಿಗೆ ಹೋದಾಗಲೆಲ್ಲ. .25 ಅನ್ನು ಈಗ ಬಳಸುವವರು ಕಡಿಮೆ, ಹಾಗಾಗಿ ಅದರ ಗುಂಡು ದುಬಾರಿ, ಹುಡುಕಿಕೊಂಡು ಹೋಗಬೇಕು. .22 ಲಾಂಗ್ ರೈಫಲ್ 1887ರಿಂದ ನಡೆದು ಬಂದಿದೆ. ಒಲಿಂಪಿಕ್ಸ್‌ನ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲೂ ಅದೇ. ಕಲಿಯುವವರಿಗೆ ಬೇಕಾಗಿರುವುದು ಮತ್ತೆ ಮತ್ತೆ ಹೊಡೆಯುವ ಅವಕಾಶ. ಅದನ್ನು ಕೊಡುವುದು ಅಗ್ಗದ ಗುಂಡು.

.22ರಲ್ಲೂ ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಹೊತ್ತಿಸುವ ಮದ್ದು ಕಾಡತೂಸಿನ ತಳದ ನಡುವೆ ಇರದೆ ಅಂಚಿನ ಸುತ್ತ ಇರುತ್ತದೆ. ಅದು ಎಲ್ಲ ಕಡೆ ಸಮನಾಗಿ ಹರಡದಿದ್ದರೆ ಟ್ರಿಗರ್ ಎಳೆದಾಗ ಬರೀ 'ಟಿಕ್' ಅನ್ನುತ್ತದೆ. ಆಗ ಪಿಸ್ತೂಲನ್ನು ತಿರುಗಿಸಿ ನೋಡಬೇಡಿ. ನಳಿಕೆ ಗುರಿಯ ಕಡೆಗೇ ಇರಲಿ, ಮನಸ್ಸಿನಲ್ಲೇ ನಿಧಾನವಾಗಿ 30 ಸೆಕೆಂಡ್ ಎಣಿಸಿ, ಆಮೇಲೆ ತೆಗೆಯಿರಿ. ತಡವಾಗಿ ಸಿಡಿಯುವುದು ಅಪರೂಪ, ಆದರೆ ಇಲ್ಲದ್ದಲ್ಲ. ಸದ್ದು ಎಂದಿಗಿಂತ ಮೆತ್ತಗೆ ಕೇಳಿಸಿತೋ, ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಕೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ.

ಅಂಥದ್ದೇ ಒಂದು .25 ಇಟ್ಟುಕೊಂಡಿದ್ದವರು

ನಮ್ಮ ಮಾವನವರಿಂದ ನನಗೆ ಬಂದದ್ದು ನೀವು ಹೇಳಿದಂಥದ್ದೇ. ಕೈಯಲ್ಲಿ ಹಿಡಿದರೆ ಕಿರುಬೆರಳಿಗೂ ಉಂಗುರದ ಬೆರಳಿಗೂ ಜಾಗವಿಲ್ಲ, ಕೆಳಗೆ ಗಾಳಿಯಲ್ಲೇ ಇರುತ್ತವೆ. ಗುಂಡು ಚಿಕ್ಕದಾದರೂ ಪಿಸ್ತೂಲು ಹಗುರ, ಹೀಗಾಗಿ ಪ್ರತಿ ಸಲವೂ ಅಂಗೈಯೊಳಗೆ ಜಾರುತ್ತದೆ, ಮತ್ತೆ ಹಿಡಿತ ಸರಿಮಾಡಿಕೊಳ್ಳಬೇಕು. ಸ್ಲೈಡ್ ಹಿಂದಕ್ಕೆ ಎಳೆಯಲು ಹಿಡಿಯುವ ಜಾಗ ಹೆಬ್ಬೆರಳ ಉಗುರಿನಷ್ಟು. ಬೆವರಿದ ಕೈಯಲ್ಲಿ ಜಾರುತ್ತದೆ, ಜಾರಿದಾಗ ಇನ್ನೊಂದು ಕೈ ತನಗರಿವಿಲ್ಲದೆ ನಳಿಕೆಯ ಬಾಯಿಯ ಹತ್ತಿರ ಹೋಗುತ್ತದೆ. ನಿಮ್ಮ ಹೆಬ್ಬೆರಳ ನೋವಿನ ಬಗ್ಗೆ ಓದಿದಾಗ ನನಗೆ ಮೊದಲು ನೆನಪಾಗಿದ್ದು ಇದೇ. ದಯವಿಟ್ಟು ಬೇಡ.

ಚಿಕ್ಕ ಗುಂಡು, ಹಾಗಾಗಿ ಸ್ಪ್ರಿಂಗೂ ಮೆತ್ತಗಿರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಈ ಪುಟ್ಟ ಪಿಸ್ತೂಲುಗಳಲ್ಲಿ ಸ್ಲೈಡನ್ನು ನಳಿಕೆಗೆ ಕಚ್ಚಿ ಹಿಡಿಯುವ ಏರ್ಪಾಟು ಇರುವುದಿಲ್ಲ. ಗುಂಡು ಸಿಡಿಯುವಾಗ ಸ್ಲೈಡ್ ಬೇಗ ಹಿಂದೆ ಹೋಗದಂತೆ ತಡೆಯುವುದು ಅದರ ತೂಕ ಮತ್ತು ಸ್ಪ್ರಿಂಗು ಎರಡೇ. ತೂಕ ಕಡಿಮೆ ಮಾಡಿದರೆ ಸ್ಪ್ರಿಂಗ್ ಗಟ್ಟಿ ಮಾಡಲೇಬೇಕಾಗುತ್ತದೆ.

ಎರಡೂ ಕೈಗೆ ಸಂಧಿವಾತ ಇರುವವರು

ಅಣ್ಣಾವ್ರೇ, ಕೈ ನೋವು ಇದ್ದ ಮಾತ್ರಕ್ಕೆ ಆಸೆ ಬಿಡಬೇಕಿಲ್ಲ. ನಳಿಕೆ ಮೇಲೆ ಎದ್ದು ತೆರೆದುಕೊಳ್ಳುವ ಜಾತಿ ಒಂದಿದೆ. ನಾನು ಬಳಸುವುದು ಬೆರೆಟಾ 21ಎ, .22ರದ್ದು. ಬದಿಯಲ್ಲಿರುವ ಸಣ್ಣ ಸನ್ನೆಯನ್ನು ಮುಂದಕ್ಕೆ ಒತ್ತಿದರೆ ನಳಿಕೆಯ ಹಿಂಭಾಗ ತಟ್ಟನೆ ಮೇಲೇಳುತ್ತದೆ. ಗುಂಡನ್ನು ಬೆರಳಿನಿಂದ ಅದರೊಳಗೆ ಇಟ್ಟು ನಳಿಕೆ ಕೆಳಗೆ ಒತ್ತಿದರೆ ಮುಗಿಯಿತು, ಸ್ಲೈಡ್ ಎಳೆಯುವ ಕಷ್ಟವೇ ಇಲ್ಲ.

ಒಂದು ಮಾತ್ರ ಗಮನದಲ್ಲಿರಲಿ. ಇದರಲ್ಲಿ ಕಾಡತೂಸನ್ನು ಕಚ್ಚಿ ಎಳೆಯುವ ಕೊಕ್ಕೆ ಇಲ್ಲ. ಸಿಡಿದ ಕಾಡತೂಸು ಅನಿಲದ ಒತ್ತಡಕ್ಕೆ ತಾನೇ ಹೊರಗೆ ಹಾರುತ್ತದೆ, ಸಿಡಿಯದ್ದು ಅಲ್ಲೇ ಕೂತಿರುತ್ತದೆ. ಬೇರೆ ಪಿಸ್ತೂಲು ಬಳಸಿದವರು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು, ಸ್ಲೈಡ್ ಎಳೆದು, ಏನೂ ಬೀಳಲಿಲ್ಲ ಅಂತ ಖಾಲಿ ಅಂದುಕೊಂಡುಬಿಡುತ್ತಾರೆ. ಇದರಲ್ಲಿ ನಳಿಕೆ ಎತ್ತಿ ಕಣ್ಣಾರೆ ನೋಡಲೇಬೇಕು. ಟ್ರಿಗರ್ ಕೂಡ ಮೊದಲ ಸಲಕ್ಕೆ ಉದ್ದ, ಭಾರ. ನಾನು ಮೊದಲ ಗುಂಡಿಗೆ ಹ್ಯಾಮರನ್ನು (ಹಿಂದಿರುವ ಸುತ್ತಿಗೆಯಂಥ ಭಾಗ) ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದುಕೊಂಡೇ ಹೊಡೆಯುತ್ತೇನೆ. ಗುರಿ ಕಲಿಯಲು ಇದು ಉತ್ತಮ ಅಂತ ಹೇಳಲಾರೆ, ನಳಿಕೆ ಗಿಡ್ಡವೇ. ಕೈಗೆ ಸುಲಭ ಅಷ್ಟೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. .25 ಬೇಡ ಅನ್ನುವುದು ಮನಸ್ಸಿಗೆ ಬಂತು. ಹಾಗಾದರೆ .22 ರಿವಾಲ್ವರ್ ಹೇಗೆ? ಹಳೆಯದ್ದು ನೋಡುವಾಗ ಏನೇನು ಗಮನಿಸಬೇಕು? ಮಿಶ್ರಲೋಹದ್ದು ಬೇಡ ಅಂತ ಎಲ್ಲೋ ಓದಿದ ನೆನಪು.

ಬಂದೂಕು ರಿಪೇರಿ ಮಾಡುವವರು

ನೀವು ಓದಿದ ಮಿಶ್ರಲೋಹ ಅಂದರೆ ಸತುವಿನ ಎರಕ. 1968ರಲ್ಲಿ ಅಮೆರಿಕ ಅಗ್ಗದ ಪುಟ್ಟ ಪಿಸ್ತೂಲುಗಳ ಆಮದಿಗೆ ಕಾನೂನಿನಿಂದ ಕಡಿವಾಣ ಹಾಕಿತು. ಆ ಜಾಗ ತುಂಬಲು ಅಲ್ಲೇ ಹುಟ್ಟಿದ್ದು 1970ರ ಹೊತ್ತಿನ ರೇವನ್ ಎಂಪಿ-25 ಮತ್ತು ಅದರ ಸೋದರ ಸಂಬಂಧಿಗಳು. ಮೈಯೆಲ್ಲ ಸತುವಿನ ಎರಕ, ನಳಿಕೆ ಮಾತ್ರ ಉಕ್ಕು. ಸತು ಉಕ್ಕಿನಂತೆ ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಬಿರುಕು ಬಿಟ್ಟು ಒಡೆಯುತ್ತದೆ. ಹಾಗಂತ ಸತು ಕಂಡಲ್ಲೆಲ್ಲ ಓಡಬೇಕಿಲ್ಲ. ಹೆರಿಟೇಜ್ ರಫ್ ರೈಡರ್ ರಿವಾಲ್ವರಿನ ಚೌಕಟ್ಟು ಸತುವಿನದ್ದೇ, ವಾಲ್ಥರ್ ಪಿ22ರ ಸ್ಲೈಡೂ ಅದೇ. ಗುಂಡು ಸಿಡಿಯುವ ಜಾಗ ಉಕ್ಕಿನದ್ದಿದ್ದು .22ರ ಒತ್ತಡಕ್ಕೆ ತಕ್ಕ ಹಾಗೆ ಮಾಡಿದ್ದರೆ ನಡೆಯುತ್ತದೆ.

ನಾನು ಬೆಲೆಗಿಂತ ಮೊದಲು ನೋಡುವುದು ಅದನ್ನು ಖಾಲಿ ಮಾಡುವುದು ಹೇಗೆ ಅನ್ನುವುದನ್ನು. ಇದನ್ನು ಯಾರೂ ಕೇಳುವುದಿಲ್ಲ. ಬ್ರೈಕೋ ಅನ್ನುವ ಕಂಪನಿಯ 38 ಮಾದರಿಯಲ್ಲಿ ಒಳಗಿನ ಗುಂಡು ತೆಗೆಯಬೇಕಾದರೆ ಮೊದಲು ಸೇಫ್ಟಿಯನ್ನು (ಸಿಡಿಯದಂತೆ ತಡೆಯುವ ಕೀಲನ್ನು) ಬಿಡಿಸಲೇಬೇಕಿತ್ತು. 1994ರಲ್ಲಿ ಒಂದು ಮನೆಯಲ್ಲಿ ಹಾಗೆ ಖಾಲಿ ಮಾಡಲು ಹೋದಾಗ ಸಿಡಿದು ಏಳು ವರ್ಷದ ಹುಡುಗನಿಗೆ ತಗುಲಿತು, ಕತ್ತಿನ ಕೆಳಗೆ ಸ್ವಾಧೀನವೇ ಹೋಯಿತು. 2003ರಲ್ಲಿ ನ್ಯಾಯಾಲಯದ ತೀರ್ಪು ಕಂಪನಿಯ ಮೇಲೆ ಬಿತ್ತು, ಕಂಪನಿ ದಿವಾಳಿ ಘೋಷಿಸಿತು. ಮನೆಯಲ್ಲಿ ಮಗು ಇದೆ ಅಂದಿರಿ. ಸೇಫ್ಟಿ ಹಾಕಿಟ್ಟೇ ಗುಂಡು ತೆಗೆಯಲು ಬಾರದ ಪಿಸ್ತೂಲನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಈ ಲೆಕ್ಕದಲ್ಲಿ ನಿಮಗೆ ರಿವಾಲ್ವರ್ ಹೊಂದುತ್ತದೆ. ಒಂದು ಗುಂಡು ಹೊತ್ತದಿದ್ದರೂ ಗುಂಡುಗಳು ಕೂರುವ ಸಿಲಿಂಡರ್ ತಿರುಗಿ ಮುಂದಿನದು ಬರುತ್ತದೆ (30 ಸೆಕೆಂಡ್ ಕಾಯುವುದು ಇಲ್ಲೂ ತಪ್ಪುವುದಿಲ್ಲ). ಸ್ಲೈಡ್ ಎಳೆಯುವ ಮಾತೇ ಇಲ್ಲ. ಆದರೆ ಸಿಲಿಂಡರ್ ಹೊರಗೆ ಬಾರದ ಹಳೆಯ ಮಾದರಿಯಾದರೆ ಹ್ಯಾಮರ್ ಪಕ್ಕ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಏಟನ್ನು ಗುಂಡಿಗೆ ದಾಟಿಸುವ ಪಟ್ಟಿ) ಇದೆಯೇ ವಿಚಾರಿಸಿ. ರೂಗರ್ ಕಂಪನಿ ತನ್ನ ರಿವಾಲ್ವರುಗಳಲ್ಲಿ ಅದನ್ನು ತಂದದ್ದು 1973ರಲ್ಲಿ. ಅದಿಲ್ಲದ ಹಳೆಯದ್ದರಲ್ಲಿ ಹ್ಯಾಮರ್ ಕೆಳಗೆ ಗುಂಡು ಇದ್ದು, ಕೈಜಾರಿ ನೆಲಕ್ಕೆ ಬಿದ್ದರೆ ಸಿಡಿಯಬಹುದು. ಅಂಥದ್ದರಲ್ಲಿ ಸಿಲಿಂಡರಿನಲ್ಲಿ ಹ್ಯಾಮರ್ ಕೆಳಗೆ ಬರುವ ಗುಂಡಿನ ಜಾಗವನ್ನು ಖಾಲಿ ಬಿಡಲೇಬೇಕು.

ಹಳೆಯ .22 ಯಾವುದೇ ಇರಲಿ, ಖಾಲಿ ಮಾಡಿಸಿ ಚೇಂಬರಿನ (ಗುಂಡು ಕೂರುವ ಜಾಗದ) ಬಾಯಿಗೆ ಟಾರ್ಚ್ ಬಿಡಿ. ಅಂಚಿನಲ್ಲಿ ಉಗುರಿಗೆ ಸಿಗುವಂಥ ಸಣ್ಣ ಕಚ್ಚು ಇದೆಯೇ ನೋಡಿ. ಗುಂಡಿಲ್ಲದೆ ಟ್ರಿಗರ್ ಎಳೆದೂ ಎಳೆದೂ ಗುಂಡಿಗೆ ಬಡಿಯುವ ಪಿನ್ನು ಉಕ್ಕಿಗೇ ಬಡಿದು ಆಗುವ ಗಾಯ ಅದು. ಕಾಡತೂಸು ಸರಿಯಾಗಿ ಕೂರುವುದಿಲ್ಲ, ಹೊರಗೂ ಬರುವುದಿಲ್ಲ. ಸ್ಲೈಡಿನಲ್ಲಿ ಕಾಡತೂಸು ಹೊರಬೀಳುವ ಕಿಟಕಿಯ ಮೂಲೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಮಾತು ಮುಗಿಸಿ ಎದ್ದುಬನ್ನಿ. ಹೊಸ ಮ್ಯಾಗಜಿನ್ ಈಗಲೂ ಸಿಗುತ್ತದೆಯೇ ಕೇಳಿ. ಮ್ಯಾಗಜಿನ್ ಬಾಯಿಯ ಅಂಚು ಸ್ವಲ್ಪ ಬಾಗಿದರೂ ಗುಂಡು ಅಡ್ಡ ಸಿಕ್ಕಿಕೊಳ್ಳುತ್ತದೆ, ನನ್ನ ಮೇಜಿಗೆ 'ಪಿಸ್ತೂಲು ಕೆಟ್ಟಿದೆ' ಅಂತ ಬರುವುದರಲ್ಲಿ ಎಷ್ಟೋ ಸಲ ಕೆಟ್ಟಿರುವುದು ಅಷ್ಟೇ.

ಏರ್ ಪಿಸ್ತೂಲು ಹೊಡೆಯುವವರು

ಕಾಗದಕ್ಕೆ ಗುರಿ ಹೊಡೆಯುವುದಷ್ಟೇ ಆಸೆಯಾದರೆ ಮೊದಲು 4.5 ಮಿಲಿಮೀಟರಿನ ಏರ್ ಪಿಸ್ತೂಲು ಹಿಡಿದು ನೋಡಿ. 10 ಮೀಟರಿನಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್. ಅದರೊಳಗೆ ಬೀಳಿಸಲು ಕಲಿತ ಕೈಗೆ .22 ಕಷ್ಟವಾಗುವುದಿಲ್ಲ. ಸ್ಪ್ರಿಂಗಿನದ್ದು ಬೇಡ, ಸನ್ನೆ ಎಳೆಯಲು ನಿಮ್ಮ ಕೈ ಒಪ್ಪುವುದಿಲ್ಲ. ಸಿಲಿಂಡರಿನಲ್ಲಿ ಗಾಳಿ ತುಂಬಿಸಿಕೊಳ್ಳುವಂಥದ್ದು ನೋಡಿ. ಕೆಲವು ರೇಂಜ್‌ಗಳಲ್ಲಿ ಅಭ್ಯಾಸಕ್ಕೆ ಅವರೇ ಕೊಡುತ್ತಾರೆ.

ಚಿಕ್ಕ ಮಕ್ಕಳಿರುವ ಮನೆಯವರು

ಕಲಿಸುವ ಸರ್ ಮತ್ತು ರಿಪೇರಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನದು ಮೊಮ್ಮಗನ ವಿಷಯ. ಬೀರುವಿನ ಮೇಲೆ, ಬಟ್ಟೆಯ ಮಡಿಕೆಯಲ್ಲಿ ಅಂತ ನಾವು ಬಚ್ಚಿಡುವ ಜಾಗವೆಲ್ಲ ಮಕ್ಕಳಿಗೆ ಗೊತ್ತಿರುತ್ತದೆ. ಪಿಸ್ತೂಲು ಕೊಳ್ಳುವ ದುಡ್ಡಿನಲ್ಲೇ ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಕೂರಿಸುವ ಉಕ್ಕಿನ ಪೆಟ್ಟಿಗೆಯನ್ನೂ ಸೇರಿಸಿ ಲೆಕ್ಕ ಹಾಕಿ. ಅದಕ್ಕೆ ದುಡ್ಡು ಸಾಲದಿದ್ದರೆ ಪಿಸ್ತೂಲು ಸದ್ಯಕ್ಕೆ ಕಾಯಲಿ, ಪೆಟ್ಟಿಗೆ ಮೊದಲು ಬರಲಿ. ಗುಂಡುಗಳು ಬೇರೆ ಕಡೆ, ಬೇರೆ ಬೀಗದಲ್ಲಿ. ಕೀಲಿ ಗೊಂಚಲಿನಲ್ಲಿ ಬೇಡ, ನಿಮ್ಮ ಮೈಮೇಲೇ ಇರಲಿ.

ಇನ್ನೊಂದು, ಇದನ್ನು ಮರೆಯುವವರೇ ಹೆಚ್ಚು: .22ರ ಗುಂಡುಗಳಲ್ಲಿ ಬಹುಪಾಲು ಬರಿಯ ಸೀಸ, ಹೊತ್ತಿಸುವ ಮದ್ದಿನಲ್ಲೂ ಸಾಮಾನ್ಯವಾಗಿ ಸೀಸ ಇರುತ್ತದೆ. ಹೊಡೆದು ಬಂದವರ ಕೈಗೂ ತೋಳಿಗೂ ಅದರ ಪುಡಿ ಅಂಟಿರುತ್ತದೆ, ಚಿಕ್ಕ ಮಕ್ಕಳ ಮೈಗೆ ಸೀಸ ವಿಷ. ರೇಂಜ್‌ನಲ್ಲೇ ಸೋಪು ಹಾಕಿ ತಣ್ಣೀರಲ್ಲಿ ಕೈ ಮುಖ ತೊಳೆಯಿರಿ. ಮನೆಗೆ ಬಂದು ಬಟ್ಟೆ ಬದಲಿಸಿ ಬೇರೆಯಾಗಿ ಒಗೆಯಲು ಹಾಕಿ, ಆಮೇಲೆ ಮೊಮ್ಮಗನನ್ನು ಎತ್ತಿಕೊಳ್ಳಿ.