ದೊಡ್ಡಪ್ಪನ ಸ್ಥಿತಿಯನ್ನು ಅವರ ಹಳೆಯ ಗೆಳೆಯರಿಗೆ ಹೇಗೆ ತಿಳಿಸುವುದು?

ಪ್ರಶ್ನೆ

ದೊಡ್ಡಪ್ಪನಿಗೆ 82 ವರ್ಷ. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮೂರು ದಿನವಾಯಿತು. ನಿನ್ನೆ ಸಂಜೆಯಿಂದ ಏನೇನೋ ಬಡಬಡಿಸುತ್ತಿದ್ದಾರೆ, ಮನೆಯವರ ಗುರುತೂ ಒಮ್ಮೊಮ್ಮೆ ಹತ್ತುತ್ತಿಲ್ಲ. ಡಾಕ್ಟರು ಡೆಲಿರಿಯಂ, ಅಂದರೆ ಕಾಯಿಲೆಯ ನಡುವೆ ಇದ್ದಕ್ಕಿದ್ದಂತೆ ಬರುವ ಬುದ್ಧಿಯ ಗೊಂದಲ, ಅಂದಿದ್ದಾರೆ. ಅವರ ಆಪ್ತ ಗೆಳೆಯರಿಗೆ ಇನ್ನೂ ಏನೂ ಹೇಳಿಲ್ಲ. ಅವರಿಗೂ 80 ದಾಟಿದೆ, ಹೃದಯದ ತೊಂದರೆಯಿದೆ. ಫೋನ್ ಮಾಡಬೇಕೋ, ವಾಟ್ಸಾಪ್ ಸಾಕೋ? ಬಡಬಡಿಕೆಯ ವಿಷಯ ಹೇಳುವುದೋ ಬೇಡವೋ?

ಉತ್ತರ 1

ಫೋನೇ ಮಾಡಿ, ಅದೂ ಹಗಲು ಹೊತ್ತಿನಲ್ಲಿ. ಮೊದಲು ಅವರ ಮನೆಯಲ್ಲಿ ಮಗನಿಗೋ ಸೊಸೆಗೋ ತಿಳಿಸಿ, ಅವರು ಪಕ್ಕದಲ್ಲಿರುವಾಗ ಹಿರಿಯರೊಡನೆ ಮಾತಾಡಿ. "ಒಂದು ವಿಷಯ ಹೇಳ್ಬೇಕಿತ್ತು" ಅಂತ ಎಳೆಯಬೇಡಿ. ಆ ಎರಡು ಕ್ಷಣದಲ್ಲೇ ಎದೆ ಹೊಡೆದುಕೊಳ್ಳುತ್ತದೆ. ಮೊದಲ ವಾಕ್ಯದಲ್ಲೇ ಆಸ್ಪತ್ರೆ, ಮೂಳೆ, ಆಪರೇಷನ್ ಮುಗಿದದ್ದು ಮೂರೂ ಬಂದುಬಿಡಲಿ. "ಸೀರಿಯಸ್" ಅನ್ನುವ ಪದ ಬೇಡ. ನಮ್ಮ ಕಿವಿಗೆ ಅದು ಕೊನೆಯ ಸಲ ನೋಡಲು ಕರೆದಂತೆ ಕೇಳಿಸುತ್ತದೆ. ಹಾಗಂತ "ಏನೂ ಇಲ್ಲ, ಆರಾಮಾಗಿದ್ದಾರೆ" ಅನ್ನಲೂಬೇಡಿ. ನಾಳೆ ಹೆಚ್ಚುಕಡಿಮೆಯಾದರೆ ನಿಮ್ಮ ಮಾತನ್ನು ಅವರು ಮತ್ತೆ ನಂಬುವುದಿಲ್ಲ.

ಉತ್ತರ 2

ಬಡಬಡಿಕೆಯ ವಿಷಯ ಖಂಡಿತ ಹೇಳಿ. ಹೇಳದಿದ್ದರೆ ಗೆಳೆಯರು ಫೋನ್ ಮಾಡಿದಾಗ "ಯಾರು ನೀವು?" ಅಂತ ಕೇಳಿಸಿಕೊಂಡು, ಅರಳು ಮರಳು ಶುರುವಾಯಿತು ಎಂದೇ ತೀರ್ಮಾನಿಸುತ್ತಾರೆ. ಅದು ಬೇರೆ, ಇದು ಬೇರೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಡೆಲಿರಿಯಂ ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನದಲ್ಲಿ ಬರುತ್ತದೆ. ಬೆಳಿಗ್ಗೆ ಸರಿಯಿದ್ದವರು ಸಂಜೆಗೆ ಕೆಡುತ್ತಾರೆ. ನೋವು, ಸೋಂಕು, ಮೂತ್ರ ಕಟ್ಟುವುದು, ಮಲಬದ್ಧತೆ, ಮೈಯಲ್ಲಿ ನೀರು ಕಡಿಮೆಯಾಗುವುದು, ಕೆಲವು ಔಷಧಿ, ನಿದ್ದೆಗೇಡು, ಇವೆಲ್ಲ ಕಾರಣವಾಗಬಹುದು. ಕಾರಣ ಹುಡುಕಿ ಚಿಕಿತ್ಸೆ ಮಾಡಿದರೆ ಹೆಚ್ಚಿನವರು ಸುಧಾರಿಸುತ್ತಾರೆ, ಆದರೆ ಕೆಲವರಿಗೆ ವಾರಗಳು ಹಿಡಿಯುತ್ತವೆ, ಕೆಲವರು ಪೂರ್ತಿ ಮೊದಲಿನಂತಾಗುವುದಿಲ್ಲ. ಆದ್ದರಿಂದ ಇಂಥ ದಿನಕ್ಕೆ ಸರಿಹೋಗುತ್ತಾರೆ ಅಂತ ಮಾತು ಕೊಡಬೇಡಿ.

ಪ್ರಶ್ನೆ ಕೇಳಿದವರು

ನೋಡಲು ಬರುತ್ತೇನೆ ಅಂದರೆ? ಅಲ್ಲಿಯವರೆಗೆ ವಿಡಿಯೋ ಕಳಿಸಲೇ?

ಉತ್ತರ 3

ವಿಡಿಯೋ ಬೇಡ. ದೊಡ್ಡಪ್ಪ ಈಗ ಹೂಂ, ಊಹೂಂ ಅನ್ನುವ ಸ್ಥಿತಿಯಲ್ಲಿಲ್ಲ. ಬಡಬಡಿಸುವುದನ್ನು ಹತ್ತು ಜನ ನೋಡಿದರು ಅಂತ ಆಮೇಲೆ ತಿಳಿದರೆ ಅವರಿಗೇ ನೋವು. ರಿಪೋರ್ಟಿನ ಫೋಟೋವನ್ನೂ ಕಳಿಸಬೇಡಿ.

ಬರುವುದಾದರೆ ವಾರ್ಡಿನಲ್ಲಿ ಕೇಳಿಕೊಂಡು, ಬೆಳಗಿನ ಹೊತ್ತು, ಒಬ್ಬರೇ, ಹತ್ತು ಹದಿನೈದು ನಿಮಿಷ. ಕೆಮ್ಮು ಜ್ವರವಿದ್ದರೆ ಮುಂದಕ್ಕೆ ಹಾಕಲಿ. ದೊಡ್ಡಪ್ಪನಿಗೆ ಕನ್ನಡಕ, ಕಿವಿಯ ಮೆಷಿನ್ ಇದ್ದರೆ ಮೊದಲೇ ಹಾಕಿರಿ. ಕಾಣದೆ ಕೇಳದೆ ಗೊಂದಲ ಇನ್ನೂ ಹೆಚ್ಚುತ್ತದೆ. ಗೆಳೆಯರಿಗೆ ಮುಂಚೆಯೇ ಹೇಳಿಡಿ: "ನಾನ್ಯಾರು, ಹೇಳು ನೋಡೋಣ" ಅಂತ ಪರೀಕ್ಷೆ ಮಾಡುವುದು ಬೇಡ, ತಾವೇ ಹೆಸರು ಹೇಳಿಕೊಂಡು ಕೈ ಹಿಡಿದು ಕೂತರೆ ಸಾಕು. ಇಲ್ಲದ್ದನ್ನು ಕಂಡೆ ಅಂದರೆ ವಾದಿಸುವುದೂ ಬೇಡ. ಹಳೇ ದಿನಗಳ ಮಾತು ತೆಗೆದರೆ ತುಂಬ ಒಳ್ಳೆಯದು, ಅದು ಗೆಳೆಯರಿಂದ ಮಾತ್ರ ಆಗುವ ಕೆಲಸ.

ಫೋನ್ ಆದಮೇಲೆ ದಿನಕ್ಕೊಂದು ಸಂದೇಶ ಸಾಕು, ಒಬ್ಬರೇ ಕಳಿಸಿ. ದಿನಾಂಕ, ಸಮಯ ಮೇಲೆಯೇ ಇರಲಿ, ಹಳೆಯ ಸಂದೇಶ ಫಾರ್ವರ್ಡ್ ಆಗಿ ಗಾಬರಿ ಹುಟ್ಟಿಸುತ್ತದೆ. ಹೀಗೆ:

"ಮಂಗಳವಾರ, ಬೆಳಿಗ್ಗೆ 11. ಜ್ವರವಿಲ್ಲ. ಇಡ್ಲಿ ಅರ್ಧ ತಿಂದರು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ರಾತ್ರಿ ಗೊಂದಲವಿತ್ತು, ಈಗ ಕಡಿಮೆ. ಮುಂದಿನ ಸುದ್ದಿ ನಾಳೆ ಇದೇ ಹೊತ್ತಿಗೆ."

ಕೊನೆಯ ಆ ಸಾಲನ್ನು ಬಿಡಬೇಡಿ. ಮುಂದಿನ ಸುದ್ದಿ ಯಾವಾಗ ಅಂತ ಗೊತ್ತಿದ್ದರೆ ಅವರು ಮಧ್ಯರಾತ್ರಿ ಫೋನ್ ನೋಡುತ್ತ ಕೂರುವುದಿಲ್ಲ.